ಸಿಂಧನೂರಿಗೆ ಹೋದ ಕರಿ ನೂಲು

ನಮ್ಮೂರು ಗುರುಗುಂಟಾ ಬಿಟ್ಟಾಗ ಬೆಳಿಗ್ಗೆ ಆರೂವರೆ. ಬಸ್ಸು ಹೊರಟ ಎರಡೇ ನಿಮಿಷಕ್ಕೆ ಛತ್ರಿ ಮರೆತದ್ದು ನೆನಪಾಯಿತು. ಆಕಾಶದಲ್ಲಿ ಚೂರೂ ಮೋಡವಿರಲಿಲ್ಲ, ಆದರೂ ಲಿಂಗಸುಗೂರು ಬರುವವರೆಗೆ ಅದನ್ನೇ ಯೋಚಿಸಿದೆ. ಐವತ್ತೆರಡು ವರ್ಷದಲ್ಲಿ ನಾನು ಸರಿಯಾಗಿ ಕಲಿತ ವಿದ್ಯೆ ಚಿಂತೆ ಮಾಡುವುದೊಂದೇ.

ಅಂದು ಅದಕ್ಕೆ ಕಾರಣವೂ ಇತ್ತು. ನಮ್ಮ ಹಿತ್ತಲಲ್ಲಿ ಹನ್ನೊಂದು ಕರಿ ಕುರಿಗಳಿವೆ. ಶಾಲೆಯಲ್ಲಿ ಚಿತ್ರಕಲೆ ಕಲಿಸುವವನಿಗೆ ಕುರಿ ಏಕೆ ಎಂದು ಹೆಂಡತಿ ಶಾಂತಾ ಆರು ವರ್ಷದಿಂದ ಕೇಳುತ್ತಿದ್ದಾಳೆ. ನನಗೂ ಗೊತ್ತಿಲ್ಲ. ಈಗ ನಮ್ಮ ಕಡೆ ಹೆಚ್ಚಿನವರು ಸಾಕುವುದು ಉಣ್ಣೆಯಿಲ್ಲದ ಕುರಿ, ಮಾಂಸಕ್ಕಾಗಿ. ಕರಿ ಉಣ್ಣೆ ಕತ್ತರಿಸಿದರೂ ಕೊಳ್ಳುವವರಿಲ್ಲ, ಅದು ಬೇಲಿಯ ಪಾಲು. ನಾನು ಮಾತ್ರ ಅದರಿಂದ ಹೆಣಿಗೆಯ ನೂಲು ತೆಗೆಸಿ ಮಾರುತ್ತೇನೆಂದು ಹೊರಟಿದ್ದೆ. ಸಿಂಧನೂರಿನಲ್ಲಿ ಹೆಣಿಗೆ ಕಲಿಸುವ ಶಬಾನಾ ಬೇಗಂ ‘ತಂದು ತೋರಿಸ್ರಿ’ ಎಂದಿದ್ದರು. ಶಾಂತಾ ಬಾಗಿಲಲ್ಲೇ ಹೇಳಿ ಕಳಿಸಿದ್ದಳು: “ಸಂಜಿಕ ಕುರಿ ವ್ಯಾಪಾರಿ ಬರ್ತಾನ. ಆಕಿ ನೂಲು ತಗೊಳ್ಳಲಿಲ್ಲಂದ್ರ ಹನ್ನೊಂದೂ ಕೊಟ್ಟುಬಿಡೂದು.”

ಲಿಂಗಸುಗೂರಿನಲ್ಲಿ ಮಂಡಾಳ, ಅಂದರೆ ಮಂಡಕ್ಕಿ, ಒಗ್ಗರಣೆ, ಎರಡು ಮಿರ್ಚಿ ಭಜಿ. ಎದೆಯುರಿ ಬಂದೀತೆಂದು ಹೆದರುತ್ತಲೇ ತಿಂದೆ, ಬಂತು. ಅಲ್ಲಿಂದ ಮಸ್ಕಿ, ಮಸ್ಕಿಯಿಂದ ಶೇರ್ ಆಟೋದಲ್ಲಿ ಸಂತೆಕಲ್ಲೂರು. ಎಂಟು ಜನ ಕೂಡುವ ಜಾಗದಲ್ಲಿ ಹನ್ನೆರಡು ಜನ.

ಉಣ್ಣೆ ನೂತವಳು ಅಲ್ಲಿಯ ಮಲ್ಲಮ್ಮ. ಎಪ್ಪತ್ತರ ಆಸುಪಾಸಿನ ಈಕೆ ಜೀವಮಾನವಿಡೀ ಕಂಬಳಿ ನೇಯುವವರಿಗೆ ನೂಲು ತೆಗೆದವಳು. ಹಳೆ ಸೀರೆಯಲ್ಲಿ ಎರಡು ಗಂಟು ಬಿಗಿದಿಟ್ಟಿದ್ದಳು. ಬಿಚ್ಚಿದರೆ ಧೂಳು ಕೂತೀತೆಂದು ನಾನು ಬಿಚ್ಚಲಿಲ್ಲ, ಮೂಸಿ ನೋಡಿದೆ.

“ನುಸಿ ಹತ್ತೂದಿಲ್ಲಲ್ಲ?”

“ನುಸಿ ನಿನ್ನ ತಲಿಗಿ ಹತ್ತೈತಿ, ಮಾಸ್ತರ. ನಡಿ, ನಾನೂ ಬರ್ತೀನಿ. ನನ್ನ ನೂಲು ಯಾರ ಕೈಯಾಗ ಬೀಳತೈತಿ ನೋಡಬೇಕು.”

ಮಸ್ಕಿಯಲ್ಲಿ ಸಿಂಧನೂರು ಬಸ್ಸು ಹತ್ತಿದೆವು. “ಅಜ್ಜಿ ಫ್ರೀ, ಗಂಟಿಗೆ ಲಗೇಜ್ ಆಗ್ತದ” ಎಂದ ಕಂಡಕ್ಟರ್.

ಮಲ್ಲಮ್ಮ ಒಂದು ಗಂಟನ್ನು ತೊಡೆಯ ಮೇಲೆ ಕೂರಿಸಿಕೊಂಡಳು. “ಇದು ನನ್ನ ಮೊಮ್ಮಗಳು. ಇಕಿಗೂ ಫ್ರೀ.”

ಕಂಡಕ್ಟರ್ ನಕ್ಕು ಮುಂದೆ ಹೋದ. ಅವನು ತಿರುಗಿ ಬಂದು ದಂಡ ಹಾಕಿಯಾನೆಂದು ನಾನು ಹಿಂದೆ ನೋಡುತ್ತಲೇ ಇದ್ದೆ. ಕೆಂಪು ಬೆದ್ದಲು ಹೊಲ ಮುಗಿದು ಕಾಲುವೆ ನೀರಿನ ಭತ್ತ ಶುರುವಾದದ್ದು ಗಮನಕ್ಕೇ ಬರಲಿಲ್ಲ.

ಶಬಾನಾರ ಮನೆ ಮೊದಲ ಮಹಡಿಯಲ್ಲಿ. ನಾಲ್ಕೈದು ಹೆಂಗಸರು ಹೆಣೆಯುತ್ತ ಕೂತಿದ್ದರು. ಶಬಾನಾ ಗಂಟು ಬಿಚ್ಚಿ ಒಂದು ಲಡಿ ಎತ್ತಿ ಮೇಜಿನ ಮೇಲಿಟ್ಟರು. ಟಕ್ ಎಂದಿತು.

“ಅರೇ ಮಾಸ್ತರ್, ಇದು ನೂಲಾ, ಕಟಗಿನಾ?”

ಮಲ್ಲಮ್ಮ ಹೆಮ್ಮೆಯಿಂದಲೇ ಹೇಳಿದಳು: “ಹುಣಸಿಬೀಜದ ಗಂಜಿ ಕುಡಿಸೀನಿ. ಕಂಬಳಿಗಿ ಒಂದ ಸಲ ಹಾಕ್ತೀವಿ. ಮಾಸ್ತರ ದೂರ ಒಯ್ಯಾಕತ್ತಾನಂತ ಇದಕ್ಕ ಎರಡು ಸಲ.”

ಮಗ್ಗದ ಎಳೆತ ತಡೆಯಲು ನೂಲು ಗಡುಸಾಗಬೇಕು. ಹೆಣಿಗೆ ಕಡ್ಡಿಗೆ ಅದು ಬಳುಕಬೇಕು. ಮಳೆ, ನುಸಿ, ಲಗೇಜು ಎಲ್ಲದರ ಚಿಂತೆ ಮಾಡಿದ ನಾನು ಈ ಒಂದು ಮಾತನ್ನು ಆಕೆಗೆ ಹೇಳಿರಲಿಲ್ಲ.

“ನೀ ಗಂಜಿ ಬ್ಯಾಡ ಅಂದಿಲ್ಲಲ್ಲೋ,” ಎಂದಳು ಮಲ್ಲಮ್ಮ, ದನಿ ಇಳಿದಿತ್ತು. “ಗಂಜಿ ಇಲ್ಲದ ನೂಲು ಕೊಡೂದಂದ್ರ ಅರಿಬಿ ಹಾಕದ ಕೂಸಿನ್ನ ಮದುವಿಗೆ ಕಳಿಸಿದಂಗ.”

ಶಬಾನಾ ನೀರು ಕಾಯಿಸಿದರು. ತೊಳೆಯಲು ಮಲ್ಲಮ್ಮನೇ ಕೂತಳು, ಬೇರೆಯವರು ಮುಟ್ಟಗೊಡಲಿಲ್ಲ. ಮೂರು ನೀರಿಗೆ ಆ ಲಡಿ ಸಡಿಲಾಯಿತು. ಮಾಳಿಗೆಯ ಬಿಸಿಲಿಗೆ ಹರವಿದೆವು. ಅದು ಒಣಗುವಷ್ಟರಲ್ಲಿ ನಾನು ಮೆಟ್ಟಿಲನ್ನು ಹತ್ತಿ ಇಳಿದು ಸವೆಸಿದೆ, ನಾಲ್ಕು ಚಹಾ ಕುಡಿದೆ. ಶಾಂತಾ ಎರಡು ಸಲ ಫೋನ್ ಮಾಡಿದಳು, ಎತ್ತುವ ಧೈರ್ಯವಾಗಲಿಲ್ಲ.

ಶಬಾನಾ ಅಂಗೈಯಗಲ ಹೆಣೆದು ಕುತ್ತಿಗೆಗೆ ಒತ್ತಿ ನೋಡಿದರು. “ಚುಚ್ತದ. ಸ್ವೆಟರ್, ಟೋಪಿ ಆಗಂಗಿಲ್ಲ.” ಎರಡೂ ಕೈಯಿಂದ ಜಗ್ಗಿದರು, ಜಪ್ಪೆನ್ನಲಿಲ್ಲ. ಇನ್ನೊಮ್ಮೆ ಜಗ್ಗಿದರು. “ಚೀಲಕ್ಕ ಮಾತ್ರ ಏಕ್ ನಂಬರ್. ಎಲ್ಲಾ ನಾನೇ ತಗೊಂತೀನಿ, ಇಟ್ಟು ಹೋಗ್ರಿ, ಉಳಿದದ್ದು ನಾವೇ ತೊಳಕೊಂತೀವಿ. ಮುಂದಿನ ಸಲ ಗಂಜಿ ಬ್ಯಾಡಮ್ಮಾ.”

“ಒಂದ ಸಲಾನೂ?”

“ಒಂದ ಸಲಾನೂ.”

“ತೆಳ್ಳಗ?”

ಶಬಾನಾ ಕೈ ಮುಗಿದರು.

ಹಿಂದಿರುಗುವ ಬಸ್ಸಿನಲ್ಲಿ ಮಲ್ಲಮ್ಮ ಮಸ್ಕಿಯವರೆಗೂ ಮುನಿಸಿಕೊಂಡೇ ಕೂತಿದ್ದಳು. ಇಳಿಯುವಾಗ, “ಮುಂದಿನ ಉಣ್ಣಿ ಹಸನ ಮಾಡಿ ತಾ, ಬರೀ ಕಸ ಇತ್ತು” ಎಂದಷ್ಟೇ ಹೇಳಿದಳು. ಲಿಂಗಸುಗೂರು ದೀಪಗಳು ಕಾಣುವ ಹೊತ್ತಿಗೆ ಮತ್ತೆ ಶಾಂತಾಳ ಫೋನ್.

“ಎಲ್ಲಿ ಹೋಗೀರಿ? ವ್ಯಾಪಾರಿ ಬಂದು ಎಷ್ಟೋ ಹೊತ್ತಾತು. ಹಿತ್ತಲದಾಗ ನಿಂತು ಒಂದೊಂದರ ಬೆನ್ನು ಹಿಚುಕಿ ನೋಡಾಕತ್ತಾನ. ಏನ್ ಹೇಳ್ಲಿ?”

“ಚಹಾ ಕುಡಿಸಿ ಕಳಸು.”

ಅವಳು, ನನಗಲ್ಲ, ಹಿತ್ತಲಿನ ಕಡೆಗೆ, ಗಟ್ಟಿಯಾಗಿ ಕೂಗಿದ್ದು ಕೇಳಿಸಿತು: “ಅಣ್ಣಾ, ಕುರಿ ಬಿಡ್ರಿ. ಚಹಾಕ್ಕ ಸಕ್ರಿ ಎಷ್ಟು ಹಾಕ್ಲಿ?”