ವನಜಾಳ ಹೆಸರಿನ ಜೌಗು ನೆಲ

ಪರದೇಶದ ಊರು ಅತ್ಲೋನಿನಲ್ಲಿ ಶಿವರುದ್ರಪ್ಪನನ್ನು ಮೈಗಳ್ಳ ಎಂದವರು ಯಾರೂ ಇಲ್ಲ. ಮದ್ದೂರು ಕಡೆಯ ಒಕ್ಕಲು ಮನೆತನದವನು. ಇಷ್ಟು ವರ್ಷ ಇಂಡಿಯನ್ ರೆಸ್ಟೋರೆಂಟಿನ ಒಲೆ ಮುಂದೆ ಬೆಂದರೂ ಕೈಗಂಟಿದ ಮಣ್ಣಿನ ಚಟ ಬಿಟ್ಟಿರಲಿಲ್ಲ. ಮನೆ ಹಿಂದಿನ ಅಂಗೈಯಗಲ ಜಾಗದಲ್ಲಿ ಒಂದು ಎಳೆ ಕಳೆಗೂ ತಲೆಯೆತ್ತಲು ಬಿಟ್ಟವನಲ್ಲ.

ಕೊರೋನಾ ಬಂದ ವರ್ಷ ಹೆಂಡತಿ ವನಜಾ ತಂಗಿಯ ಮಗಳ ಮದುವೆಗೆಂದು ಮೈಸೂರಿಗೆ ಹೋದವಳು, ವಿಮಾನ ನಿಂತು ಅಲ್ಲೇ ಉಳಿದಳು. ಆಗಸ್ಟಿನಲ್ಲಿ ಆಸ್ಪತ್ರೆ ಸೇರಿ ತೀರಿಕೊಂಡಳು. ಇವನಿಗೆ ಮುಖ ನೋಡುವುದಕ್ಕೂ ಆಗಲಿಲ್ಲ, ಹಿಡಿ ಮಣ್ಣು ಹಾಕುವುದಕ್ಕೂ ಆಗಲಿಲ್ಲ. ರೆಸ್ಟೋರೆಂಟಿಗೂ ಬೀಗ ಬಿದ್ದಿತ್ತು. ಅವಳ ಹೆಸರಿನಲ್ಲಿ ಏನಾದರೂ ಒಂದು ಚಿಗುರಬೇಕು ಎಂಬ ಹಟ ಅವನಲ್ಲಿ ಬೇರು ಬಿಟ್ಟಿತು.

ಆ ಹೊತ್ತಿಗೇ ಬಡಾವಣೆಯ ಸಮಿತಿ, ಶಾನನ್ ನದಿಯ ಪಕ್ಕದ ಜೌಗು ನೆಲವನ್ನು ಪ್ರಕೃತಿಗೆ ಮರಳಿಸುವ ಯೋಜನೆ ಹಾಕುತ್ತಿತ್ತು. ಮರ ನೆಡೋಣ ಎಂದ ಶಿವರುದ್ರಪ್ಪ. ಬೋಳು ನೆಲ ಕಂಡರೆ ಸಸಿ ಊರಬೇಕೆಂದು ಸ್ಕೂಲಿನ ವನಮಹೋತ್ಸವದಲ್ಲೇ ಅವನ ಕೈ ಕಲಿತಿತ್ತು.

ಅಡ್ಡ ಬಂದವಳು ಪಕ್ಕದ ಮನೆಯ ಸ್ಪಂದನಾ. ಇದೇ ಊರಲ್ಲಿ ಪರಿಸರದ ಮಾಸ್ಟರ್ಸ್ ಓದಿ ಕೆಲಸಕ್ಕೆ ಸೇರಿದ್ದ ಹುಡುಗಿ.

“ಅಂಕಲ್, ಅದು ಖಾಲಿ ಜಾಗ ಅಲ್ಲ. ಈ ದೇಶದಲ್ಲೇ ಕಮ್ಮಿ ಆಗ್ತಿರೋ ಚಿಟ್ಟೆ ಒಂದು ಅಲ್ಲಿ ಮರಿ ಮಾಡುತ್ತೆ. ಅದಕ್ಕೇನು ಬೇಕು ಅಂತ ಮೊದ್ಲು ನೋಡಿ, ಆಮೇಲೆ ಪ್ಲಾನ್ ಮಾಡ್ಬೇಕು. ಒಂದು ವರ್ಷ ತಡೀರಿ.”

“ವರ್ಷದ ಎಡೆಯೊಳಗೆ ಗಿಡ ನಿಂತಿರಬೇಕು ಕಣವ್ವ. ನಿನ್ನ ಹುಳಾನ ನಾನೇನು ಹುರ್ಕೊಂಡು ತಿಂತೀನಾ?”

ಜೂಮ್ ಮೀಟಿಂಗಿನಲ್ಲಿ ಹೆಂಡತಿ ಸತ್ತವನ ಮುಖ ನೋಡಿ ಆಗದು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸಮಿತಿಯ ಹಿರಿಯ ಡೆಕ್ಲನ್ “ಗ್ರ್ಯಾಂಡ್”, ಆಗಲಿ ಎಂದುಬಿಟ್ಟ. ಸ್ಪಂದನಾ ಹುಲ್ಲಿನ ಬುಡದಲ್ಲಿದ್ದ ಆ ಚಿಟ್ಟೆಯ ಮರಿಹುಳುಗಳ ಬಲೆಗೂಡು ಹುಡುಕಿ, ಸುತ್ತ ಕೋಲು ನೆಟ್ಟು ಕೆಂಪು ರಿಬ್ಬನ್ ಕಟ್ಟಿ, ಅದರೊಳಗೆ ಕೈ ಹಾಕುವುದಿಲ್ಲವೆಂದು ಅವನಿಂದ ಮಾತು ತೆಗೆದುಕೊಂಡಳು. ಆಮೇಲೆ ದೂರದ ಡನ್ ಲಿಯರಿ ಊರಿನಲ್ಲಿದ್ದ ಅಕ್ಕನ ಮನೆಗೆ ಹೋದವಳು, ಇದ್ದಲ್ಲಿಂದ ಐದು ಕಿಲೋಮೀಟರ್ ದಾಟಬಾರದೆಂಬ ಕೊರೋನಾ ಕಟ್ಟಳೆ ಬಂದು ಅಲ್ಲೇ ಸಿಕ್ಕಿಬಿದ್ದಳು.

ಶಿವರುದ್ರಪ್ಪ ಕೊಟ್ಟ ಮಾತಿಗೆ ತಪ್ಪಲಿಲ್ಲ. ರಿಬ್ಬನ್ನಿನ ಒಳಗೆ ಸಲಿಕೆಯ ಮೊನೆಯನ್ನೂ ತಾಕಿಸಲಿಲ್ಲ. ಹೊರಗೆ ಮಾತ್ರ ಒಕ್ಕಲ ಮಗ ಮಾಡುವುದನ್ನೇ ಮಾಡಿದ, ನೆಲ ಹಸನು ಮಾಡಿದ. ಬೇಸಗೆಯ ಕೊನೆಗೆ ಅಂಗಿ ಗುಂಡಿಯಂಥ ನೀಲಿ ಹೂ ಬಿಡುವ ಗಿಡವೊಂದು ಉದ್ದಕ್ಕೂ ಹಬ್ಬಿತ್ತು. ಅದನ್ನು ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ರಾಶಿ ಹಾಕಿ ಕೊಳೆಯಬಿಟ್ಟ. ಜೌಗಿಗೆ ಒಗ್ಗುವ ಆಲ್ಡರ್ ಮರದ ಸಸಿಗಳನ್ನು ಹಗ್ಗ ಹಿಡಿದು ಸಾಲಿಗೆ ನೆಟ್ಟ. ಸಮಿತಿಯವರು ವನಜಾಳ ಹೆಸರಿನ ಹಲಗೆ ಹಾಕಿಸಿದರು.

ಮಾರ್ಚಿನ ಬಿಸಿಲಿಗೆ ಕರಿ ಹುಳುಗಳು ಗೂಡಿನಿಂದ ಹೊರಬಂದು ಗುಂಪಾಗಿ ಮೈ ಕಾಯಿಸಿಕೊಂಡವು. ಅವನು ಹಿಗ್ಗಿ ಸ್ಪಂದನಾಳಿಗೆ ಫೋನ್ ಮಾಡಿದ.

“ನಿನ್ನ ಮಕ್ಳು ಎದ್ದವೆ ಕಣವ್ವ. ಒಂದ್ಕೂ ಏನೂ ಆಗಿಲ್ಲ.”

“ಸುತ್ತ ನೀಲಿ ಹೂವಿನ ಗಿಡ ಚಿಗುರಿದ್ಯಾ ಅಂಕಲ್?”

“ಆ ಕಳೇನಾ? ಒಂದು ಬೇರೂ ಬಿಡ್ದಂಗೆ ಕಿತ್ತಿವ್ನಿ.”

“ಅವು ತಿನ್ನೋದು ಅದೊಂದನ್ನೇ.”

“ನೀನು ಹೇಳ್ಲೇ ಇಲ್ವಲ್ಲ.”

“ಅದಕ್ಕೇನು ಬೇಕು ಅಂತ ನೋಡೋಣ ಅಂದಿದ್ನಲ್ಲ. ಕೂತು ಕೇಳಿದ್ರಾ ನೀವು?”

ಕೋಲುಗಳ ನಡುವೆ ಉಳಿದಿದ್ದ ಎಲೆ ಬೇಗ ಮುಗಿಯಿತು. ಹುಳುಗಳು ಬರಿ ಮಣ್ಣಿನ ಮೇಲೆ ಹರಿದವು. ಅವನು ಬೆರಳ ತುದಿಯಿಂದ ಎತ್ತಿ ಆಲ್ಡರ್ ಚಿಗುರಿಗೆ ಬಿಟ್ಟ; ಮೂಸಲಿಲ್ಲ. ಅಂಗಡಿಯಿಂದ ಕೋಸು ತಂದು ಹರಡಿದ. ಅದನ್ನೂ ದಾಟಿ ಹೋದವು. ಕೊಳೆತ ರಾಶಿಯನ್ನು ಕೆದಕಿ ಜೀವವಿರುವ ಬೇರೊಂದು ಸಿಗಬಹುದೆಂದು ಹುಡುಕಿದ. ಅವನ ಕೆಲಸ ಅಷ್ಟು ಚೊಕ್ಕಟವಾಗಿತ್ತು, ಒಂದೂ ಸಿಗಲಿಲ್ಲ.

ಜೂನಿನಲ್ಲಿ ಸ್ಪಂದನಾ ಬಂದು ಉದ್ದಕ್ಕೂ ತಿರುಗಿದಳು. ಒಂದು ಚಿಟ್ಟೆಯೂ ಏಳಲಿಲ್ಲ.

“ಸಸಿ ಎಲ್ಲಾ ಕಿತ್ತಾಕ್ಲಾ?” ಎಂದು ಕೇಳಿದ.

“ಈಗ ಕಿತ್ತು ಯಾರಿಗೆ ಅಂಕಲ್?” ಎಂದು ಅವಳು ಹೊರಟುಹೋದಳು.

ವರ್ಷದ ಎಡೆಯ ದಿನ ವನಜಾಳ ತಮ್ಮ ವೆಂಕಟೇಶ ಮೈಸೂರಿನಿಂದ ವಿಡಿಯೋ ಕಾಲ್ ಮಾಡಿದ. “ಭಾವ, ಅಕ್ಕನ ತೋಪು ತೋರ್ಸಿ.”

ಶಿವರುದ್ರಪ್ಪ ಫೋನ್ ತಿರುಗಿಸಿದ. ಸಸಿಗಳು ಎದೆಮಟ್ಟ ಬೆಳೆದು ಹಸಿರುಗಟ್ಟಿ ನಿಂತಿದ್ದವು.

“ನಿಮ್ಮ ಕೈಗುಣ ಭಾವ, ಒಂದೂ ಒಣಗಿಲ್ಲ. ಅಕ್ಕನ ಹೆಸರಿನ ಬೋರ್ಡು ಎಲ್ಲಿ, ಕಾಣ್ತಿಲ್ಲ?”

“ಬಿಚ್ಚಿದೆ.”

“ಯಾಕೆ?”

“ಇದು ನಾನು ಮಾಡಿದ್ದು ಕಣಯ್ಯ. ಅವಳ ಹೆಸ್ರು ಯಾಕೆ?”