ಕಾಲಿಗೆ ಗೊತ್ತಿದ್ದ ಕಾರು

ಬೆಳಿಗ್ಗೆ ಗೇಟಿನ ಹತ್ತಿರ ನಿಂತು ದಂಟಿನ ಸೊಪ್ಪು ಆರಿಸುತ್ತಿದ್ದಾಗ ಕ್ಲಚ್ ಸುಟ್ಟ ವಾಸನೆ ಬಂತು. ವಿಜಯನಗರದ ನಮ್ಮ ಅಡ್ಡರಸ್ತೆ ಸ್ವಲ್ಪ ಏರು. ಆ ಏರಿನ ನಡುವೆ, ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಪುಟ್ಟ ಕಾರೊಂದು ಕುಪ್ಪಳಿಸಿ ನಿಂತಿತ್ತು. ಸ್ಟೀರಿಂಗ್ ಹಿಡಿದವಳು ಬಾವಿಗೆ ಬಿದ್ದವರು ಹಗ್ಗ ಹಿಡಿದ ಹಾಗೆ ಹಿಡಿದಿದ್ದಳು. ಹಿಂದಿನ ಸೀಟಿನಲ್ಲಿ ಇನ್ನೊಬ್ಬಳು ಕಣ್ಣು ಮುಚ್ಚಿ ಕೂತಿದ್ದಳು. ಆ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಗಂಗಕ್ಕನ ನೆನಪಾಗುತ್ತದೆ. ಹೀಗೆಂದು ಬರೆದದ್ದು ಅವರಿಗೆ ಗೊತ್ತಾದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಡ್ರೈವಿಂಗ್ ಸ್ಕೂಲಿನವರ ಪದ್ಧತಿ ನಿಮಗೂ ಗೊತ್ತಿರಬಹುದು. ಪಾಠ ಮುಗಿದವರನ್ನು ಮನೆಗೆ ಬಿಡಲು ಬೇರೆ ಸವಾರಿ ಇರುವುದಿಲ್ಲ. ನಾನು ಕಲಿಯುವಾಗ ಇಲ್ಲಿಂದ ಓಡಿಸಿಕೊಂಡು, ಜೊತೆಗೆ ಕಲಿಯುತ್ತಿದ್ದ ಗಂಗಕ್ಕನ ಬಸವೇಶ್ವರನಗರದ ಮನೆ ಮುಟ್ಟಬೇಕು. ಅಲ್ಲಿ ನಾನು ಹಿಂದಕ್ಕೆ, ಅವರು ಮುಂದಕ್ಕೆ. ಅವರು ಓಡಿಸುತ್ತಾ ನನ್ನನ್ನು ನನ್ನ ಮನೆಗೆ ಬಿಡಬೇಕು. ಅವರನ್ನು ಮನೆಗೆ ಬಿಡುವುದು ಮೂರನೆಯವರ ಪಾಠ. ಹೀಗೆ ಒಬ್ಬರ ಜೀವ ಇನ್ನೊಬ್ಬರ ಕೈಗೆ ಕೊಟ್ಟುಕೊಂಡೇ ನಾವು ಸ್ನೇಹಿತೆಯರಾದದ್ದು. ನಾನಾಗ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ನಲವತ್ತು ದಾಟಿತ್ತು. ಗಂಗಕ್ಕ ನನಗಿಂತ ಹಿರಿಯರು, ಹಾವೇರಿ ಕಡೆಯವರು. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದರೂ ಮಾತು ಮಾತ್ರ ಅಲ್ಲಿಂದ ಇಲ್ಲಿಗೆ ಬಂದಿರಲಿಲ್ಲ.

ಪಕ್ಕದಲ್ಲಿ ಕೂತು ಕಲಿಸುತ್ತಿದ್ದ ಮಾಸ್ಟರ್ ಕಾಲಿನ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಾರು ನಿಂತರೆ ನಿಲ್ಲಿಸಿದ್ದು ನಾವೋ ಅವರೋ ತಿಳಿಯುತ್ತಿರಲಿಲ್ಲ.

"ಈಗ ಬ್ರೇಕ್ ಹಾಕಿದವರು ಯಾರ್ರೀ ಮಾಸ್ತರ?" ಎಂದು ಗಂಗಕ್ಕ ದಿನವೂ ಕೇಳುತ್ತಿದ್ದರು.

"ಇಬ್ರೂ ಹಾಕಿದ್ವಿ ಅಂತ ಇಟ್ಕೊಳಿ ಅಮ್ಮ."

"ಸಂಸಾರ ಮಾಡಿದಂಗಾತು ಬಿಡ್ರಿ."

ನನಗಿಂತ ಚೆನ್ನಾಗಿ ಓಡಿಸುತ್ತಿದ್ದವರು ಗಂಗಕ್ಕನೇ. ಆದರೆ ಲೈಸೆನ್ಸಿಗೆ ಮುಂಚೆ ಕನ್ನಡಕ ಬದಲಿಸಲೆಂದು ಹೋದಾಗ ಕಣ್ಣಿನ ಡಾಕ್ಟರು ತಡೆದರು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಎರಡೂ ಬದಿಯ ನೋಟ ಆಗಲೇ ಹೋಗಿತ್ತು. "ಮುಂದ ಕಾಣಸ್ತೈತಿ, ಬಾಜೂಕ ಏನಿಲ್ಲ" ಎಂದು ಅವರು ಹೇಳಿದ್ದು ಮೆಂತ್ಯ ಮುಗೀತು ಎನ್ನುವಷ್ಟು ಸಾದಾ ದನಿಯಲ್ಲಿ. ಮಾರನೆಯ ದಿನವೂ ಕಾರು ಅವರ ಮನೆ ಮುಂದೆ ನಿಂತಾಗ ಸೀರೆಯ ನೆರಿಗೆ ಸರಿಮಾಡಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. "ನಡಿ ತಂಗಿ. ನಿನ್ನ ಪಾಠಾನರ ಮುಗೀಲಿ."

ನನಗೆ ಲೈಸೆನ್ಸು ಬಂದ ಮೇಲೆ ಕಾರು ಹುಡುಕುವ ಸಂಭ್ರಮ. ನಮ್ಮನೆಯವರು ಸ್ಕೂಟರಿನ ಮನುಷ್ಯ. ಆದರೂ ಆಫೀಸಿನಲ್ಲಿ ಎಲ್ಲರ ಸಲಹೆ ಕೇಳಿಕೊಂಡು ಬಂದರು. ಎತ್ತರದ ಸೀಟಿನದು ತಗೋ ಎಂದು ಒಬ್ಬರು, ತೂಕವಿದ್ದರೆ ಹೆದ್ದಾರಿಯಲ್ಲಿ ಅಲುಗುವುದಿಲ್ಲ ಎಂದು ಇನ್ನೊಬ್ಬರು. ರಾಜಾಜಿನಗರದ ಶೋರೂಮುಗಳಿಗೆಲ್ಲ ಗಂಗಕ್ಕನನ್ನು ಕರೆದುಕೊಂಡೇ ಹೋದೆ. ಹೊಳೆಯುವ ಕಾರುಗಳಲ್ಲಿ ಕೂತರೆ ನನಗೆ ಬೇರೆಯವರ ಮನೆ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಹುಡುಕಿದ ಹಾಗೆ. ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಮೂತಿ ಎಲ್ಲಿ ಮುಗಿಯುತ್ತದೆ, ಒಂದೂ ಅಂದಾಜಾಗದು.

"ಮೇಡಮ್, ಇದರಲ್ಲಿ ದೊಡ್ಡ ಸ್ಕ್ರೀನ್ ಇದೆ, ಹಿಂದೆ ಕ್ಯಾಮೆರಾ ಇದೆ" ಎಂದ ಸೇಲ್ಸಿನವನು.

ಗಂಗಕ್ಕ ಅವನನ್ನು ಕೇಳಿದರು: "ತಮ್ಮಾ, ಈಕಿ ಕಾಲು ಕ್ಲಚ್ ಹುಡುಕೂತನಾ ಎದುರಿಗಿನ ಲಾರಿ ಟಿವಿ ನೋಡ್ಕೋತ ನಿಂದರ್ತೈತೇನು?"

ಅವನು ನಕ್ಕು, ನಿಮಗೆ ಯಾವುದು ಬೇಕೋ ಹೇಳಿ ಎಂದ.

"ನಾವು ಕಲಿತ ಗಾಡೀನ ಕೊಡಪ್ಪಾ. ಕಾಲಿಗೆ ಗೊತ್ತೈತಿ."

ಅಂತೂ ಅದೇ ಪುಟ್ಟ ಕಾರು ಬಂತು. ಅದೇ ಯಾಕೆ ಎಂದು ಕೇಳಿದವರಿಗೆಲ್ಲ ಮೈಲೇಜು ಎಂದೆ, ಮೂಲೆ ಗ್ಯಾರೇಜಿನಲ್ಲೂ ರಿಪೇರಿಯಾಗುತ್ತದೆ ಎಂದೆ, ನಮ್ಮ ಬೀದಿಯಲ್ಲಿ ಎರಡು ಸ್ಕೂಟರಿನ ಸಂದಿಯಲ್ಲಿ ನಿಲ್ಲುತ್ತದೆ ಎಂದೆ. ಯಾವುದೂ ಸುಳ್ಳಲ್ಲ. ನೀವೂ ಅಂಥ ಕಾರಿನವರಾದರೆ ಇದನ್ನೇ ಹೇಳುತ್ತೀರಿ. ಆದರೆ ಒಮ್ಮೆ ಯೋಚಿಸಿ ನೋಡಿ, ನೀವು ಕಲಿತದ್ದು ಯಾವ ಕಾರಿನಲ್ಲಿ? ನಮ್ಮ ಕಡೆ ಅರ್ಧ ಜನ ಕಾರು ಆರಿಸುವುದೇ ಇಲ್ಲವೇನೋ. ಮೊದಲು ಹೆದರಿದ ಜಾಗಕ್ಕೇ ಹಿಂತಿರುಗಿ ಹೋಗುತ್ತೇವೆ, ಅಲ್ಲಿ ಹೆದರಿಕೆ ಕಳೆದದ್ದೂ ನೆನಪಿರುವುದರಿಂದ.

ಆಮೇಲೆ ಎಡಗಡೆಯ ಸೀಟು ಗಂಗಕ್ಕನದು. ಮಹಾಲಕ್ಷ್ಮಿ ಲೇಔಟಿನ ದೇವಸ್ಥಾನ, ಬಿನ್ನಿಪೇಟೆಯಲ್ಲಿ ಅವರ ನಾದಿನಿ ಮನೆ, ಸುಮ್ಮನೆ ಮಾಗಡಿ ರಸ್ತೆಯ ಕೊನೆಯವರೆಗೆ ಒಂದು ಸುತ್ತು. ಕಣ್ಣಿನ ನೋಟ ಕಿರಿದಾಗುತ್ತಾ ಬಂದಷ್ಟೂ ಅವರಿಗೆ ದಾರಿ ಬಾಯಿಪಾಠವಾಗುತ್ತಾ ಬಂತು. "ಈಗ ಹಾಲಿನ ಬೂತು. ಅದಾದಮ್ಯಾಲ ಬಲಕ್ಕ." ಒಮ್ಮೆಯೂ ತಪ್ಪಿದ್ದಿಲ್ಲ. ನಾನು ಓಡಿಸುತ್ತಿದ್ದದ್ದು ನಿಜ, ಆದರೆ ಹೋಗುತ್ತಿದ್ದದ್ದು ಅವರೇ ಎಂದು ಈಗ ಅನಿಸುತ್ತದೆ.

ಮಹಡಿ ಮೆಟ್ಟಿಲು ಹತ್ತಿಳಿಯುವುದು ಕಷ್ಟವಾದ ಮೇಲೆ ಗಂಗಕ್ಕ ಕೆಂಗೇರಿ ಉಪನಗರದಲ್ಲಿರುವ ತಂಗಿಯ ಮನೆ ಸೇರಿದರು. ಬಾ ಬಾ ಎಂದು ಫೋನು ಮಾಡುತ್ತಾರೆ. ನಾನು ಹೂಂ ಎನ್ನುತ್ತೇನೆ. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದೆ ಮೈಸೂರು ರಸ್ತೆಗೆ ಇಳಿಯಲು ಧೈರ್ಯವಾಗದೆ ತಿಂಗಳುಗಳೇ ಕಳೆದವು. ಮೊದಲು ದೂರದ ಊರು ತಪ್ಪಿತು, ಆಮೇಲೆ ಪೇಟೆ, ಕಡೆಗೆ ತರಕಾರಿಗೂ ನಡೆದೇ ಹೋಗತೊಡಗಿದೆ. ಕಾರಿನ ಮೇಲೆ ಹೊಂಗೆ ಹೂವು ಬಿದ್ದು ಒಣಗುತ್ತಿತ್ತು.

"ಓಡಿಸದ ಕಾರು ಯಾಕೆ ಕಣೇ? ಭಾನುವಾರ ಒಬ್ಬರು ನೋಡೋಕೆ ಬರ್ತಾರೆ" ಎಂದರು ನಮ್ಮನೆಯವರು ಮೊನ್ನೆ. ಆಯ್ತು ಎಂದೆ.

ಇವತ್ತು ಆ ಏರಿನಲ್ಲಿ ನಿಂತ ಹೆಂಗಸು ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ನಿಂತಿತು. ಹಿಂದೆ ಆಟೋದವನು ಹಾರನ್ ಹೊಡೆದ. ಕಡೆಗೂ ಅವಳು ಹತ್ತಿಸಿಕೊಂಡು ಹೋದಳು. ನಾನು ಸೊಪ್ಪನ್ನು ಒಳಗಿಟ್ಟು ಕಾರಿನ ಕೀ ತೆಗೆದುಕೊಂಡೆ. "ಎಲ್ಲಿಗೆ?" ಎಂದರು ಇವರು. ಬರ್ತೀನಿ ಎಂದೆ.

ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ನಾಯಂಡಹಳ್ಳಿ ದಾಟುವವರೆಗೆ ಉಸಿರು ಬಿಟ್ಟ ನೆನಪಿಲ್ಲ, ಅಷ್ಟೆ.

ಗಂಗಕ್ಕ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮುಖ ನನ್ನ ಕಡೆಗಿತ್ತು, ನೋಟ ಇರಲಿಲ್ಲ. ಹತ್ತಿರ ಹೋಗಿ ಕೈ ಹಿಡಿದೆ.

"ಯಾರ ಜೋಡಿ ಬಂದಿ?"

"ಒಬ್ಬಳೇ ಬಂದೆ ಗಂಗಕ್ಕ. ಕಾರಲ್ಲಿ."

ಹೆಮ್ಮೆಯಿಂದಲೇ ಹೇಳಿದ್ದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು.

"ಚಲೋ ಆತು," ಎಂದರು. ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, "ಹಂಗಾರ ನನ್ನ ಕೆಲಸ ಮುಗೀತು" ಎಂದು ನಕ್ಕರು.

ಆ ಮಾತು ಕೇಳಲು ಅಷ್ಟು ದೂರ ಬಂದೆನಲ್ಲ ಎನಿಸಿತು.

"ಬರೋ ದಾರಿ ಹೆಂಗೋ ಬಂದ್ಬಿಟ್ಟೆ. ವಾಪಸ್ ಹೋಗೋದು ಗೊತ್ತಾಗಲ್ಲ. ನೀವು ಬಂದು ನಾಲ್ಕು ದಿನ ನಮ್ಮನೇಲಿ ಇದ್ದು ಹೋಗಿ."

"ಬಂದ ದಾರೀಲೆ ಹೋಗೂದು ಗೊತ್ತಿಲ್ಲೇನು ನಿನಗ? ಹುಡುಗ್ರಿಗೆ ಏನು ಕಲಿಸಿದ್ಯೋ ಏನೋ" ಎಂದವರು ಎದ್ದು ಒಳಗೆ ಹೋಗಿ, ತಂಗಿಗೆ ಹೇಳಿ, ಸೀರೆ ಬದಲಿಸಿಕೊಂಡು ಬಂದರು.

ಉಪನಗರದ ಒಳರಸ್ತೆಯಲ್ಲಿ ಬೆಲ್ಟು ಎಳೆದುಕೊಳ್ಳುತ್ತಾ ಗಂಗಕ್ಕ ದಾರಿ ಹೇಳಲು ಶುರುಮಾಡಿದರು. "ಸೀದಾ ಹೋಗು. ದೊಡ್ಡದೊಂದು ಹುಣಸಿಗಿಡ ಬರ್ತೈತಿ, ಅಲ್ಲಿ ಎಡಕ್ಕ."

ಹುಣಸೆಮರ ಇದ್ದ ಜಾಗದಲ್ಲಿ ಕಲ್ಲಿನ ಕಟ್ಟೆಯೊಂದು ಮಾತ್ರ ಉಳಿದಿತ್ತು. ರಸ್ತೆ ಅಗಲವಾಗಿತ್ತು.

"ಬಂತೇನು ಗಿಡ?"

"ಬಂತು ಗಂಗಕ್ಕ."

"ಈಗ ಭಾಳ ಬೆಳೆದಿರಬೇಕು."

"ಹೂಂ. ಅರ್ಧ ರಸ್ತೆಗೆ ನೆರಳು ಬಿದ್ದಿದೆ."

ಬಿಸಿಲು ಗಾಜಿನಿಂದ ಒಳಗೆ ಬಂದು ನೇರ ಅವರ ಮುಖದ ಮೇಲೆ ಬಿದ್ದಿತ್ತು. ಗಂಗಕ್ಕ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು.

"ಎಡಕ್ಕ ತಗೋ. ಸಾವಕಾಶ," ಎಂದರು.

ತೆಗೆದುಕೊಂಡೆ.