ಫಕೀರಪ್ಪ ಸಿನಿಮಾ ನೋಡಿ ಅತ್ತದ್ದು

ಆಗೆಲ್ಲ ಬೇಸಿಗೆ ಬಂತೆಂದರೆ ನಮಗೆ ಹೊಳೆಯೇ ಮನೆ. ಗಳಗನಾಥದ ಹತ್ತಿರ, ತುಂಗಭದ್ರೆಯ ದಂಡೆಯ ಮೇಲೆ ನನ್ನ ಅಜ್ಜಿಯ ಊರು. ನೀರು ಇಳಿದ ಮೇಲೆ ಅಜ್ಜಿ ಹೊಳೆಯ ಉಸುಕಿನಲ್ಲೇ ಕಲ್ಲಂಗಡಿ, ಸೌತೆ ಹಾಕುತ್ತಿದ್ದಳು. ಕಾಯಲು ನಾನು ಮತ್ತು ನನ್ನ ಸೋದರಮಾವನ ಮಗ ಫಕೀರಪ್ಪ. ಕಾಯುವುದೇನು ಬಂತು, ತಿನ್ನುವುದೇ ನಮ್ಮ ಕೆಲಸ.

ಬಾಯಾರಿದರೆ ಉಸುಕನ್ನು ಕೈಯಿಂದಲೇ ತೋಡಿ ಒರತೆ ತೆಗೆಯುತ್ತಿದ್ದೆವು. ಮೊದಲು ಬಂದ ಕದಡು ನೀರು ಚೆಲ್ಲಿ, ತಿಳಿಯಾಗುವ ತನಕ ಸುಮ್ಮನೆ ಕೂರಬೇಕು. ನನಗೆಲ್ಲಿಯ ತಾಳ್ಮೆ! ಕೈ ಹಾಕಲು ಹೋದರೆ ಫಕೀರಪ್ಪ ಮಣಿಕಟ್ಟು ಹಿಡಿದು ಕೂರಿಸುತ್ತಿದ್ದ. ಹಸಿ ಉಸುಕಿನ ವಾಸನೆಯ ನಡುವೆ ಅಜ್ಜಿ ಬುತ್ತಿ ಬಿಚ್ಚುತ್ತಿದ್ದಳು: ಜೋಳದ ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಚಟ್ನಿ, ಗಟ್ಟಿ ಮೊಸರು. ಮನೆಗೆ ಹೊರಡುವಾಗ ಒರತೆ ಮುಚ್ಚಲು ಅವಳು ಬಿಡುತ್ತಿರಲಿಲ್ಲ.

"ಹಕ್ಕಿ ಪಕ್ಕಿ ಕುಡೀತಾವ, ಹಂಗ ಬಿಡ್ರಿ" ಎನ್ನುತ್ತಿದ್ದಳು.

ಇದೇ ಫಕೀರಪ್ಪ ಮುಂದೆ ಉಸುಕಿನ ದಂಧೆಗಿಳಿದ. ಅಜ್ಜಿಯ ಬಳ್ಳಿ ಹಬ್ಬುತ್ತಿದ್ದ ಜಾಗವನ್ನೂ ಬಿಡದೆ ಟ್ರ್ಯಾಕ್ಟರಿಗೆ ತುಂಬಿ ಮಾರಿದ. ರಾಣೆಬೆನ್ನೂರಿನಲ್ಲಿ ಮಹಡಿ ಮನೆ ಕಟ್ಟಿದ. ಕಳೆದ ತಿಂಗಳು ಅವನಲ್ಲಿಗೆ ಹೋದಾಗ, ನನ್ನನ್ನೂ ತನ್ನ ಸಣ್ಣ ಮಗಳನ್ನೂ ಸಿನಿಮಾಕ್ಕೆ ಕರೆದೊಯ್ದ. ತೆರೆಯ ತುಂಬ ಹೊಳೆ, ಹಸಿರು, ಉಸುಕಿನ ದಿಬ್ಬದ ಮೇಲೆ ಆಡುವ ಮಕ್ಕಳು. ಮಾತು ಕಡಿಮೆ, ನೀರಿನದೇ ಸಪ್ಪಳ. ಖರೇ ಹೇಳುತ್ತೇನೆ, ನನಗೂ ಒಳಗೆ ತಣ್ಣಗಾಯಿತು. ಪಕ್ಕಕ್ಕೆ ತಿರುಗಿದರೆ ಈ ಪುಣ್ಯಾತ್ಮ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾನೆ! ಮನಸ್ಸಿಗೆ ನೆಮ್ಮದಿ ಸಿಕ್ಕಿತಂತೆ, ಸಣ್ಣಂದಿನ ಹೊಳೆ ನೆನಪಾಯಿತಂತೆ. ನನಗೆ ಮೈಯೆಲ್ಲ ಉರಿಯಿತು. ಕೊಂದವನೇ ತಿಥಿಯೂಟಕ್ಕೆ ಬಂದು ಅತ್ತ ಹಾಗೆ. ಥೂ, ನಾಚಿಕೆ ಎಂಬುದನ್ನೂ ಉಸುಕಿನ ಜೊತೆಗೇ ಮಾರಿರಬೇಕು.

ಹೊರಗೆ ಬಂದ ಮೇಲೆ ಹುಡುಗಿ ಅಪ್ಪನ ಕೈ ಜಗ್ಗತೊಡಗಿದಳು. ಅವನು ಚಿಕ್ಕವನಿದ್ದಾಗ ಆಡಿದ ಹೊಳೆಗೆ ನಾಳೆಯೇ ಹೋಗಬೇಕು, ಉಸುಕಿನಲ್ಲಿ ಆಡಬೇಕು ಎಂದು ಒಂದೇ ಹಟ. ಅಲ್ಲಿ ಈಗ ಉಸುಕೆಲ್ಲಿದೆ? ಬರೀ ಬಂಡೆ, ಕೆಸರು, ಆಳ ತಿಳಿಯದ ಗುಂಡಿಗಳು. ದನ ಇಳಿಸಲೂ ಊರವರು ಹೆದರುತ್ತಾರೆ. ಇದನ್ನು ಅವನು ತನ್ನ ಬಾಯಿಂದಲೇ ಹೇಳಲಿ ನೋಡೋಣ ಎಂದು ನಾನು ಕಾದೆ.

ಫಕೀರಪ್ಪ ನನ್ನತ್ತ ನೋಡಲಿಲ್ಲ. ಮಗಳ ತಲೆ ಸವರಿದ.

"ಹೊಳಿ ಬ್ಯಾಡವಾ, ಅಲ್ಲಿ ತೆಗ್ಗು ಭಾಳ ಅದಾವ. ನಾಳೆ ಇದ ಸಿನಿಮಾ ಇನ್ನೊಮ್ಮೆ ನೋಡೂಣು" ಎಂದ.

ಪಾಪ, ಹುಡುಗಿ ಒಪ್ಪಿಬಿಟ್ಟಳು. ಅವಳ ಪಾಲಿಗೆ ಅಪ್ಪ ಉಳಿಸಿದ ಹೊಳೆ ಅದೊಂದೇ.